ತೋಡಿಯ ಗಾಂಧಾರವೂ ನಮ್ಮ ಮನೆಯ ಎಂಎಸ್-20 ಸಿಂಥೂ

ಭಾನುವಾರ, 14 ಜುಲೈ 2024
ಬೆಂಗಳೂರು

ಸಿಂಥ್‌ನಲ್ಲಿ, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಜರ್‌ನಲ್ಲಿ, ಸ್ವರದಿಂದ ಸ್ವರಕ್ಕೆ ಜಾರಿಸುವ ಪೋರ್ಟಮೆಂಟೊ ಹಾಕಿದರೆ ಸ್ವರವನ್ನು ಆಡಿಸುವ ನಮ್ಮ ಗಮಕ ಬಂದುಬಿಡುತ್ತದೆ ಅನ್ನುವವರು ಸುಮಾರು ಜನ ಇದ್ದಾರೆ. ಬರುವುದಿಲ್ಲ. ಇವತ್ತು ಮಧ್ಯಾಹ್ನವೆಲ್ಲ ತೋಡಿ ರಾಗದ ಗಾಂಧಾರದ (ಸರಿಗಮದ 'ಗ') ಹಿಂದೆ ಬಿದ್ದಿದ್ದೆ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಕಾರ್ಗ್ ಎಂಎಸ್-20. 1978ರಲ್ಲಿ ಜಪಾನಿನಲ್ಲಿ ಹೊರಬಂದ ಹಳೆಯ ಮಾದರಿ. 37 ಕೀ, ಒಂದು ಸಲಕ್ಕೆ ಒಂದೇ ಸ್ವರ. ಹಲವು ಸ್ವರ ಒಟ್ಟಿಗೆ ಒತ್ತಿ ಕಾರ್ಡ್ ಹಿಡಿಯಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ನಮ್ಮ ಸಂಗೀತಕ್ಕೆ ಒಂದು ಸ್ವರ ಸಾಕಲ್ವಾ? ಇದು 100 ವೋಲ್ಟಿನದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಅಲ್ಲಿಗೆ ಕಥೆ ಮುಗಿಯಿತು. ಎಸ್‌ಪಿ ರೋಡಿನಲ್ಲಿ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮಾಡಿಸಿಕೊಂಡು ಬಂದಿದ್ದೇನೆ. ಮೇಜಿನ ಕೆಳಗೆ ಕೂತು ಗುಂಯ್ ಅನ್ನುತ್ತಿರುತ್ತದೆ.

ಇದರ ನೆನಪಿನ ಶಕ್ತಿ ಸೊನ್ನೆ. ಮೊನ್ನೆಯ ನಾದ ಇವತ್ತು ಬೇಕೆಂದರೆ ಮೊನ್ನೆ ಮೊಬೈಲ್‌ನಲ್ಲಿ ತೆಗೆದ ಫೋಟೋ ನೋಡಿಕೊಂಡು ಒಂದೊಂದೇ ನಾಬ್ ತಿರುಗಿಸಬೇಕು. ಆದರೂ ಅದೇ ನಾದ ಬರುತ್ತದೆ ಅನ್ನುವ ಹಾಗಿಲ್ಲ. ಶ್ರುತಿಯದ್ದು ಇನ್ನೊಂದು ತಕರಾರು. ಒಳಗಿನ ಟ್ರಾನ್ಸಿಸ್ಟರ್‌ಗಳು ಬಿಸಿಯಾದ ಹಾಗೆ ಸ್ವರ ಸರಿಯುತ್ತದೆ. ಸ್ವಿಚ್ ಹಾಕಿ, ತಿಂಡಿ ತಿಂದು, ಪೇಪರ್ ಓದಿ ಆಮೇಲೆ ಕೂರುವುದು ಒಳ್ಳೆಯದು. ಇವತ್ತು ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ತಂಪು. ಎಂದಿಗಿಂತ ತಡವಾಗಿಯೇ ಒಂದು ಕಡೆ ನಿಂತಿತು.

ನಾದಕ್ಕೆ ಹೆಚ್ಚು ಕಷ್ಟಪಡಲಿಲ್ಲ. ಸ್ವರ ಹುಟ್ಟಿಸುವ ಎರಡು ಆಸಿಲೇಟರ್‌ನಲ್ಲಿ ಒಂದೇ ಸಾಕು, ಗರಗಸದ ಹಲ್ಲಿನ ಆಕಾರದ ಅಲೆ, ನಾದದ ಮೇಲಿನ ಅಂಶ ತಡೆಯುವ ಲೋ-ಪಾಸ್ ಫಿಲ್ಟರ್ ಅರ್ಧ ಮುಚ್ಚಿದ್ದೆ. ಪೀಕ್ ನಾಬ್ ಮೇಲಕ್ಕೆ ತಿರುಗಿಸಿದರೆ ಈ ಫಿಲ್ಟರ್ ತಾನಾಗಿಯೇ ಕಿರುಚಲು ಶುರುಮಾಡುತ್ತದೆ. ಎಂಎಸ್-20 ಹೆಸರಾಗಿರುವುದೇ ಆ ಕಿರುಚಾಟಕ್ಕೆ. ನನಗೆ ಅದು ಬೇಕಿರಲಿಲ್ಲ.

ಚಿಕ್ಕಮ್ಮ ಊಟಕ್ಕೆ ಬಂದಿದ್ದರು. ವೀಣೆ ನುಡಿಸುವವರು, ಈಗಲೂ ಮಕ್ಕಳಿಗೆ ಪಾಠ ಹೇಳುತ್ತಾರೆ. ಪೋರ್ಟಮೆಂಟೊ ಹಾಕಿ ರಿಷಭದಿಂದ ಗಾಂಧಾರಕ್ಕೆ, ಗಾಂಧಾರದಿಂದ ಮಧ್ಯಮಕ್ಕೆ ಓಡಾಡಿಸಿ ತೋರಿಸಿದೆ.

"ಇದು ಜಾರತ್ತೆ ಕಣೋ, ಆಡಲ್ಲ," ಅಂದರು.

ಅಷ್ಟೇ ಮಾತು, ಆದರೆ ವಿಷಯ ಅದರಲ್ಲೇ ಇದೆ. ಪೋರ್ಟಮೆಂಟೊ ಮಾಡುವ ಕೆಲಸ ಇಷ್ಟು: ಕೀಯಿಂದ ಬರುವ ವೋಲ್ಟೇಜು ಹೊಸ ಅಳತೆಗೆ ಹಾರದೆ, ಕೆಪಾಸಿಟರ್ ತುಂಬುವ ಲೆಕ್ಕದಲ್ಲಿ ಮೆಲ್ಲಗೆ ಏರುತ್ತದೆ. ಮೊದಲು ಬಿರುಸು, ಸ್ವರ ಹತ್ತಿರ ಬಂದ ಹಾಗೆ ನಿಧಾನ. ಯಾವ ಎರಡು ಸ್ವರದ ನಡುವೆಯೂ ಇದೇ ನಡೆ. ಜಾರು ಗಮಕಕ್ಕೆ ಹೇಗೋ ನಡೆಯುತ್ತದೆ. ಹಿಂದೂಸ್ತಾನಿಯವರು ಸ್ವರದಿಂದ ಸ್ವರಕ್ಕೆ ಎಳೆದು ಜಾರುವ ಮೀಂಡ್‌ಗೆ ಇನ್ನೂ ಚೆನ್ನಾಗಿ ನಡೆಯುತ್ತದೆ. ಮುಂಬೈನ ಚರಣಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಅನ್ನುವ ಸಿಂಥ್, ಡ್ರಮ್ ಯಂತ್ರಗಳನ್ನು ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದರು. ಆಗ ಯಾರೂ ಅಷ್ಟಾಗಿ ಕೇಳಲಿಲ್ಲ, 2010ರಲ್ಲಿ ಮತ್ತೆ ಹೊರಬಂದಾಗ ಹೊರದೇಶದವರೆಲ್ಲ ಬೆರಗಾದರು. ಅಲ್ಲಿ ಸ್ಲೈಡ್ ಒಪ್ಪುತ್ತದೆ. ತೋಡಿಯಲ್ಲಿ ಒಪ್ಪುವುದಿಲ್ಲ.

ಯಾಕೆಂದರೆ ತೋಡಿಯ ಗಾಂಧಾರ ಅನ್ನುವುದು ಒಂದು ಜಾಗವೇ ಅಲ್ಲ. ಷಡ್ಜಕ್ಕೆ ಬಿಳಿ ಕೀ, 'ಸಿ', ಇಟ್ಟುಕೊಂಡರೆ ಗಾಂಧಾರ ಎರಡನೇ ಕರಿ ಕೀಯಲ್ಲಿ ಇದೆ, ನಿಜ. ಅದನ್ನು ಒತ್ತಿ ಹಿಡಿದು ನೋಡಿ, ತೋಡಿ ಅಲ್ಲಿರುವುದಿಲ್ಲ. ಆ ಗಾಂಧಾರ ಕೆಳಗೆ ರಿಷಭ, ಮೇಲೆ ಮಧ್ಯಮ, ಇವೆರಡರ ನಡುವೆ ತೂಗುತ್ತದೆ. ಎಷ್ಟು ಹೊತ್ತು ಕೆಳಗೆ ನಿಲ್ಲಬೇಕು, ಎಷ್ಟು ಬೇಗ ಮೇಲಕ್ಕೆ ಹೋಗಬೇಕು ಅನ್ನುವುದು ಕಾಲಪ್ರಮಾಣದ ಜೊತೆ ಬದಲಾಗುತ್ತದೆ. ಸ್ವರ ಹೀಗೆ ಆಡಿಸಲಾಗದ ಹಾರ್ಮೋನಿಯಂ ಮೇಲೆ ಹಳಬರಿಗೆ ಇದ್ದ ಸಿಟ್ಟು ಇದೇ. ಆಲ್ ಇಂಡಿಯಾ ರೇಡಿಯೋ ಅದನ್ನು 1940ರಲ್ಲಿ ಹೊರಗಿಟ್ಟಿತು, ಮತ್ತೆ ಒಳಗೆ ಬಿಟ್ಟುಕೊಳ್ಳುವಷ್ಟರಲ್ಲಿ ಮೂರು ದಶಕ ಕಳೆದಿತ್ತು.

ಸ್ವರವನ್ನು ಒಂದೇ ಲಯದಲ್ಲಿ ಏರಿಳಿಸುವ ಮಾಡ್ಯುಲೇಷನ್ ಜನರೇಟರ್‌ನಿಂದ ತೂಗಿಸೋಣ ಅಂತ ನೋಡಿದೆ. ಮೇಲಕ್ಕೆ, ಕೆಳಕ್ಕೆ, ಮೇಲಕ್ಕೆ, ಕೆಳಕ್ಕೆ. ಆಂಬ್ಯುಲೆನ್ಸ್ ಬಂದ ಹಾಗಿತ್ತು. ಚಿಕ್ಕಮ್ಮ ಏನೂ ಹೇಳದೆ ಹಪ್ಪಳ ಮುರಿದರು.

ಆಮೇಲೆ ಅವರೇ ಕೇಳಿದರು, "ವೀಣೆಯಲ್ಲಿ ಗಾಂಧಾರದ ಮೆಟ್ಟಿಲ ಮೇಲೆ ಬೆರಳಿಟ್ಟು ಕೂರ್ತೀವೇನೋ? ರಿಷಭದಲ್ಲಿಟ್ಟು ಎಳೀತೀವಿ. ಇಲ್ಲಿ ಎಳೆಯೋಕೆ ಏನಿದೆ?"

ಎಳೆಯೋಕೆ ಇತ್ತು. ಕೀಗಳ ಎಡಕ್ಕೆ ಒಂದು ಚಕ್ರ ಇದೆ, ನಡುವಿನಲ್ಲಿ ಕಟ್ ಅಂತ ನಿಲ್ಲುತ್ತದೆ. ಸಾಮಾನ್ಯ ಕೀಬೋರ್ಡ್‌ಗಳಲ್ಲಿ ಇರುವಂತೆ ಇದು ಹುಟ್ಟಿನಿಂದ ಸ್ವರಕ್ಕೆ ಅಂಟಿಕೊಂಡಿಲ್ಲ. ಬಲಗಡೆಯ ಪ್ಯಾಚ್ ಪ್ಯಾನೆಲ್‌ನಲ್ಲಿ ನಾವೇ ವೈರ್ ಚುಚ್ಚಿ ಎಲ್ಲಿ ಬೇಕೋ ಅಲ್ಲಿಗೆ ಕಳಿಸಬೇಕು. ವೀಲ್ ಔಟ್‌ಪುಟ್‌ನಿಂದ ಟೋಟಲ್ ಅನ್ನುವ ತೂತಿಗೆ ಒಂದು ವೈರ್. ಚಕ್ರ ಸ್ವರವನ್ನು ಎಷ್ಟು ಸರಿಸಬೇಕು ಅನ್ನುವ, ಆಸಿಲೇಟರ್ ಭಾಗದ ಎಂಜಿ/ಟಿ.ಎಕ್ಸ್ಟ್ ನಾಬನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆ. ರಿಷಭದ ಕೀ ಒತ್ತಿ ಚಕ್ರವನ್ನು ಪೂರ್ತಿ ಮೇಲೆ ತಳ್ಳಿದರೆ ಸರಿಯಾಗಿ ಮಧ್ಯಮ ಕೇಳಬೇಕು, ಅಂದರೆ ನಾಲ್ಕು ಅರ್ಧಸ್ವರ. ಶ್ರುತಿ ಪೆಟ್ಟಿಗೆ ಹಾಕಿಕೊಂಡೇ ಹೊಂದಿಸಿದೆ. ಫಿಲ್ಟರ್‌ಗಳಲ್ಲೂ ಅದೇ ಹೆಸರಿನ ನಾಬ್ ಇದೆ, ಅವನ್ನು ಸೊನ್ನೆಗೆ ಇಳಿಸಿಡಬೇಕು. ಇಲ್ಲದಿದ್ದರೆ ಸ್ವರದ ಜೊತೆ ನಾದವೂ ಬಾಯಿ ತೆರೆದು ಮುಚ್ಚುತ್ತದೆ.

ಬಲಗೈಯಲ್ಲಿ ರಿಷಭ. ಎಡಗೈ ಹೆಬ್ಬೆರಳಲ್ಲಿ ಚಕ್ರ. ಕೆಳಗೆ ಒಂದಿಷ್ಟು ನಿಂತು, ತಟ್ಟನೆ ಮೇಲಕ್ಕೆ, ವಾಪಸ್. ಬಂತು! ಪೂರ್ತಿ ಅಲ್ಲ, ಆದರೆ ಕಿವಿಗೆ ಇದು ತೋಡಿ ಅಂತ ಗೊತ್ತಾಗುವಷ್ಟು. ಹೆಬ್ಬೆರಳಿಗೆ ತಂತಿಯ ಬಿಗಿ ಸಿಗುವುದಿಲ್ಲ, ಅದೊಂದೇ ಕೊರತೆ. ಎಷ್ಟು ಮೇಲೆ ಹೋದೆ ಅನ್ನುವುದನ್ನು ಕಿವಿಯೇ ಹೇಳಬೇಕು. ಕದ್ರಿ ಗೋಪಾಲನಾಥರು ಕೀಗಳ ವಾದ್ಯವಾದ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ತಂದರು ಅಂತ ಹೊಗಳುತ್ತೇವೆ. ಅಲ್ಲೂ ಬೆರಳಿನಷ್ಟೇ ತುಟಿ, ಉಸಿರಿನ ಕೆಲಸ ಇತ್ತು. ಇಲ್ಲಿ ನನಗೆ ಈ ಚಕ್ರ.

ಉತ್ಸಾಹ ಬಂದು ಕೀಗಳನ್ನು ಪೂರ್ತಿ ಬಿಟ್ಟೇ ನೋಡೋಣ ಅನ್ನಿಸಿತು. ಎಂಎಸ್-20ರಲ್ಲಿ ಹೊರಗಿನ ನಾದ ತೆಗೆದುಕೊಳ್ಳುವ ಭಾಗ ಒಂದಿದೆ. ಮೈಕ್ ಚುಚ್ಚಿದರೆ ಹಾಡುವವರ ಸ್ವರವನ್ನು ವೋಲ್ಟೇಜಾಗಿ ಬದಲಿಸಿ ಆಸಿಲೇಟರ್‌ಗೆ ಕೊಡುತ್ತದೆ. ಚಿಕ್ಕಮ್ಮನ ಶ್ರುತಿಗೆ ಪೆಟ್ಟಿಗೆ ಬದಲಿಸಿ, ಮೈಕ್ ಕೊಟ್ಟೆ. ಅಕಾರದಲ್ಲಿ ಶುರುಮಾಡಿದರು. ಸಿಂಥ್ ಇದ್ದಕ್ಕಿದ್ದ ಹಾಗೆ ತಾರಸ್ಥಾಯಿಗೆ ನೆಗೆದು ಕೋಳಿಯಂತೆ ಕೂಗಿತು. 'ಆ' ಅನ್ನುವಾಗ ಮೂಲ ಸ್ವರಕ್ಕಿಂತ ಅದರ ಮೇಲಿನ ಸ್ಥಾಯಿಯ ಅಂಶ ಜೋರಾಗಿರುವುದುಂಟು, ಪಾಪ, ಸರ್ಕಿಟ್ ಅದನ್ನೇ ಹಿಡಿದುಕೊಳ್ಳುತ್ತದೆ. ಮೇಲಿನ ಅಂಶ ಕತ್ತರಿಸುವ ಹೈ ಕಟ್ ನಾಬ್ ಇಳಿಸಿ, "ಬಾಯಿ ಮುಚ್ಚಿಕೊಂಡು ಹೇಳಿ ಚಿಕ್ಕಮ್ಮ," ಅಂದೆ.

"ನಿಮ್ಮ ಚಿಕ್ಕಪ್ಪನೂ ಇಷ್ಟು ನೇರವಾಗಿ ಹೇಳಿರಲಿಲ್ಲ," ಅಂದು ನಕ್ಕರು.

ಮೂಗಿನಲ್ಲೇ ಗುನುಗಿದಾಗ ಹಿಡಿಯಿತು. ರಿ, ಗ, ಮ, ಆ ತೂಗು, ಗಾಂಧಾರದಿಂದ ಇಳಿಯುವಾಗಿನ ಸಣ್ಣ ಎಳೆತ, ಎಲ್ಲವೂ ಗರಗಸದ ಅಲೆಯಲ್ಲಿ, ಒಂದು ಕೂದಲೆಳೆ ಹಿಂದೆ. ನನ್ನ ಹೆಬ್ಬೆರಳ ಗಾಂಧಾರ ಇದರ ಮುಂದೆ ಏನೂ ಅಲ್ಲ.

ತೊಂದರೆ ಇನ್ನೂ ಇದೆ. ಕೊನೆಯ ಷಡ್ಜದಲ್ಲಿ ದನಿ ಸಣ್ಣದಾದ ಕೂಡಲೇ ಸ್ವರ ಶುರುಮಾಡಿಸುವ ಟ್ರಿಗರ್ ಕೈಬಿಟ್ಟು ಸ್ವರ ಕತ್ತರಿಸಿ ಹೋಗುತ್ತದೆ. ಎಷ್ಟು ಜೋರಾದರೆ ಕೇಳಿಸಿಕೊಳ್ಳಬೇಕು ಅನ್ನುವ ಥ್ರೆಶ್‌ಹೋಲ್ಡ್ ಇಳಿಸಿದರೆ ಫ್ಯಾನಿನ ಸದ್ದನ್ನೂ ಹಾಡು ಅಂದುಕೊಂಡು ನುಡಿಸಲು ಶುರುಮಾಡುತ್ತದೆ. ಫ್ಯಾನ್ ಆಫ್ ಮಾಡಿದರೆ ಕೆಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್. ಅದನ್ನು ಪಕ್ಕದ ಕೋಣೆಗೆ ಹಾಕಲು ಉದ್ದನೆಯ ವೈರ್ ಬೇಕು, ನಾಳೆ ಆಫೀಸಿನಿಂದ ಬರುವಾಗ ತರಬೇಕು. ಚಿಕ್ಕಮ್ಮ ಮುಂದಿನ ಭಾನುವಾರ ವರಾಳಿ ರಾಗ ನೋಡೋಣ ಅಂದಿದ್ದಾರೆ.