ಅಮ್ಮನ ಏಳು ಸೆಕೆಂಡು

ಮಂಗಳವಾರ ಸಂಜೆ ಇಲ್ಲಿ ಕ್ಯಾಲಿಫೋರ್ನಿಯದಲ್ಲಿ ಎಲ್ ಕಮೀನೊ ರಿಯಾಲ್ ಎಂಬ ಮುಖ್ಯರಸ್ತೆಯನ್ನು ದಾಟುವಾಗ ಅಮ್ಮ ನಡುರಸ್ತೆಯ ವಿಭಜಕದ ಮೇಲೆ ಒಬ್ಬಳೇ ಉಳಿದುಬಿಟ್ಟಳು. ಮಾತಿನ ಭರದಲ್ಲಿ ಮುಂದೆ ನಡೆದಿದ್ದ ನಾನು ಆಚೆ ಬದಿ ಸೇರಿ ತಿರುಗಿ ನೋಡಿದರೆ, ಅತ್ತ ಮೂರು ಸಾಲು, ಇತ್ತ ಮೂರು ಸಾಲು ವಾಹನಗಳ ನಡುವೆ, ಹಾರುವ ಸೆರಗನ್ನು ಒಂದು ಕೈಯಲ್ಲೂ ಫಲಕದ ಕಂಬವನ್ನು ಇನ್ನೊಂದು ಕೈಯಲ್ಲೂ ಹಿಡಿದು ಅವಳು ನಿಂತಿದ್ದಳು. ದಾಟುವ ದೀಪದ ಮುಂದಿನ ಸರದಿ ಬರುವವರೆಗಿನ ಆ ಒಂದೆರಡು ನಿಮಿಷ ನನ್ನ ಪಾಲಿಗೆ ಈ ವಾರವಿಡೀ ಮುಗಿದೇ ಇಲ್ಲ. ಈಚೆ ಬಂದವಳು ಹೇಳಿದ್ದು ಒಂದೇ ಮಾತು: "ನಾನೇ ಬೇಗ ನಡೀಬೇಕಿತ್ತು ಕಣೋ."

ತಪ್ಪು ತನ್ನದೆಂದು ಅವಳು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನನಗೆ ಸಹಿಸಲಾಗಲಿಲ್ಲ. ಮರುದಿನ ಅರ್ಧ ದಿನ ರಜೆ ಹಾಕಿ, ಪಾದಚಾರಿಗಳ ದೀಪದ ಅವಧಿಯನ್ನು ತುಸು ಹೆಚ್ಚಿಸಿ ಎಂದು ಕೇಳಲು ನಮ್ಮ ಊರಿನ ನಗರಾಡಳಿತದ ಕಚೇರಿಗೆ ಹೋದೆ. ಕಿಟಕಿಯ ಹಿಂದಿದ್ದ ಯುವಕ ನಾನು ಹೇಳಿದ್ದನ್ನೆಲ್ಲ ಬರೆದುಕೊಂಡ, ಅಡ್ಡರಸ್ತೆಯ ಹೆಸರು ಕೇಳಿದ, ಮುಖ್ಯರಸ್ತೆಯ ಹೆಸರು ಕೇಳಿದವನೇ ಪೆನ್ನನ್ನು ಕೆಳಗಿಟ್ಟು, "ಕ್ಷಮಿಸಿ, ಆ ರಸ್ತೆ ನಮ್ಮದಲ್ಲ" ಎಂದ. ಅವನ ವಿನಯದಲ್ಲಿ ಯಾವ ಕೊರತೆಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ವಿನಯವೇ ನನ್ನನ್ನು ಕೆಣಕಿತು. ಒರಟಾಗಿ ಮಾತನಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಆ ರಸ್ತೆ ನಮ್ಮದಲ್ಲ. ಮನೆಗೆ ಮರಳುವಾಗ ಅದೇ ರಸ್ತೆಯ ಮೇಲೆ ಕಾರು ಓಡಿಸುತ್ತ ಈ ಮಾತನ್ನು ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ. ಹನ್ನೊಂದು ವರ್ಷಗಳಿಂದ ಹಾಲು, ತರಕಾರಿ, ಔಷಧಿ, ಮಗಳ ಹಲ್ಲಿನ ವೈದ್ಯರು ಎಂದು ದಿನ ಬೆಳಗಾದರೆ ನಾನು ಓಡಾಡುವ ಈ ರಸ್ತೆ, ದಾಖಲೆಯಲ್ಲಿ ಕ್ಯಾಲಿಫೋರ್ನಿಯದ ರಾಜ್ಯ ಹೆದ್ದಾರಿ 82. ಸ್ಯಾನ್ ಹೋಸೆಯಿಂದ ಹೊರಟು ಸಾಂಟಾ ಕ್ಲಾರಾ, ಸನ್ನಿವೇಲ್, ಮೌಂಟನ್ ವ್ಯೂ, ಪಾಲೊ ಆಲ್ಟೊ, ರೆಡ್‌ವುಡ್ ಸಿಟಿ, ಸ್ಯಾನ್ ಮಟೇಯೊ ಎಂದು ಒಂದರ ಬೆನ್ನಿಗೊಂದು ಅಂಟಿಕೊಂಡ ಉಪನಗರಗಳನ್ನು ಹಾದು ಅದು ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುತ್ತದೆ. ಒಂದು ಊರು ಮುಗಿದು ಇನ್ನೊಂದು ಶುರುವಾದದ್ದು ಫಲಕ ನೋಡಿದರಷ್ಟೇ ತಿಳಿಯುತ್ತದೆ. ಇಷ್ಟೂ ಊರುಗಳಿಗೆ ಅದೇ ಪೇಟೆ ಬೀದಿ, ಆದರೆ ಒಡೆತನ ರಾಜ್ಯದ ಸಾರಿಗೆ ಇಲಾಖೆಯದು. ಬರ್ಲಿಂಗೇಮ್‌ನಲ್ಲಿ ಇದೇ ರಸ್ತೆಯ ಇಕ್ಕೆಲದಲ್ಲಿ 1870ರ ದಶಕದಲ್ಲಿ ನೆಟ್ಟ ನೀಲಗಿರಿ ಮರಗಳಿವೆ. ಅವುಗಳ ನೆರಳು ಊರಿನವರ ಮೇಲೆ ಬಿದ್ದರೂ ಬೇರುಗಳು ಇರುವುದು ಹೆದ್ದಾರಿಯ ಜಾಗದಲ್ಲಿ. ಇನ್ನೂ ಉತ್ತರಕ್ಕೆ ಹೋದರೆ ಕೋಲ್ಮಾ ಸಿಗುತ್ತದೆ. ಸಾಲುಸಾಲು ಸ್ಮಶಾನಗಳಿರುವ ಆ ಪುಟ್ಟ ಊರಿನಲ್ಲಿ ಬದುಕಿರುವವರಿಗಿಂತ ಮಣ್ಣಾದವರೇ ಎಷ್ಟೋ ಪಟ್ಟು ಹೆಚ್ಚು. ರಸ್ತೆ ದಾಟುವ ಅವಸರ ಅಲ್ಲಿ ಹೆಚ್ಚಿನವರಿಗೆ ಇರಲಾರದು.

ಈ ದಾರಿಯ ಹೆಸರೇ 'ರಾಜಮಾರ್ಗ' ಎಂದು ಅರ್ಥ ಕೊಡುತ್ತದೆ. 1769ರಿಂದ 1823ರ ನಡುವೆ ಸ್ಪೇನಿನ ಪಾದ್ರಿಗಳು ಕಟ್ಟಿದ 21 ಮಿಷನ್‌ಗಳನ್ನು, ಅಂದರೆ ಕ್ರೈಸ್ತ ಧರ್ಮಪ್ರಚಾರದ ನೆಲೆಗಳನ್ನು, ಜೋಡಿಸುತ್ತಿದ್ದ ದಾರಿಯ ನೆನಪಿಗೆ, 1906ರಿಂದ ನೆಡತೊಡಗಿದ, ಬಾಗಿದ ಕಂಬಕ್ಕೆ ಗಂಟೆ ತೂಗುಹಾಕಿದ ಗುರುತುಗಳು ಇಂದಿಗೂ ರಸ್ತೆಬದಿಯಲ್ಲಿವೆ. ಮುಂದೆ ಫೆಡರಲ್ ಹೆದ್ದಾರಿ 101 ಕೂಡ ಇಲ್ಲೇ ಹಾದುಹೋಗುತ್ತಿತ್ತು. ದೂರ ಹೋಗುವವರಿಗಾಗಿ ಪೂರ್ವಕ್ಕೆ ಬೇಶೋರ್ ಫ್ರೀವೇ, ಪಶ್ಚಿಮಕ್ಕೆ ಹೆದ್ದಾರಿ 280 ಬಂದ ಮೇಲೆ ಈ ರಸ್ತೆಯಲ್ಲಿ ಉಳಿದವರು ಹೆಚ್ಚಾಗಿ ನನ್ನಂಥವರು, ಅಂದರೆ ಇಲ್ಲೇ ಹತ್ತಿ ಇಲ್ಲೇ ಇಳಿಯುವವರು. ಹಾದುಹೋಗುವವರು ಬೇರೆ ದಾರಿ ಹಿಡಿದು ದಶಕಗಳಾದರೂ ರಸ್ತೆಯ ಅಗಲ ಮಾತ್ರ ಅವರನ್ನೇ ಕಾಯುತ್ತ ಬಿದ್ದಿದೆ. ಸ್ಯಾನ್ ಹೋಸೆಯೊಳಗಿನ ದಕ್ಷಿಣದ ತುಂಡನ್ನು ರಾಜ್ಯ ಆ ನಗರಕ್ಕೇ ಒಪ್ಪಿಸಿದೆ. ಒಡೆತನದ ಜೊತೆಗೆ ದುರಸ್ತಿಯ ಖರ್ಚೂ ಬರುವುದರಿಂದ, ರಸ್ತೆಯನ್ನು ಹಾಗೆ ಕೇಳಿ ಪಡೆಯುವುದು ಯಾವ ಊರಿಗೂ ಸುಲಭದ ತೀರ್ಮಾನವಲ್ಲ.

ರಾತ್ರಿ ಕೂತು ದೀಪದ ಲೆಕ್ಕ ಹುಡುಕಿದೆ. ದಾಟುವವರು ಸೆಕೆಂಡಿಗೆ 3.5 ಅಡಿ ನಡೆಯುತ್ತಾರೆಂಬುದು ಅಮೆರಿಕದ ಸಂಚಾರ ಸಂಕೇತಗಳ ಕೈಪಿಡಿಯ ಅಳತೆ. 2009ಕ್ಕೆ ಮೊದಲು ಅದು 4 ಅಡಿಯಿತ್ತು. ವಯಸ್ಸಾದವರು, ಅಂಗವಿಕಲರು ಹೆಚ್ಚಾಗಿ ದಾಟುವ ಕಡೆ 2.8 ಅಡಿಯ ಲೆಕ್ಕ ಹಿಡಿಯಬಹುದೆಂದು ಕ್ಯಾಲಿಫೋರ್ನಿಯದ ಕೈಪಿಡಿ ಹೇಳುತ್ತದೆ. ನಾನು ಹೆಜ್ಜೆ ಹಾಕಿ ಅಳೆದಂತೆ ನಮ್ಮಲ್ಲಿ ದಾಟುವ ದೂರ ಸುಮಾರು 100 ಅಡಿ. ಮೊದಲ ಲೆಕ್ಕದಲ್ಲಿ 29 ಸೆಕೆಂಡು, ಎರಡನೆಯದರಲ್ಲಿ 36. ವ್ಯತ್ಯಾಸ ಏಳು ಸೆಕೆಂಡು. ಅಮ್ಮ ನಿಧಾನವಾಗಿ ನಡೆದಿರಲಿಲ್ಲ. ಅವಳ ನಡಿಗೆಗೂ ಪುಸ್ತಕದಲ್ಲಿ ಒಂದು ಅಂಕಿ ಇತ್ತು, ಆ ದೀಪದ ಕಂಬದವರೆಗೆ ಅದು ಬಂದಿರಲಿಲ್ಲ, ಅಷ್ಟೇ.

ಇದನ್ನು ನೆರೆಯವರೊಬ್ಬರಿಗೆ ವಿವರಿಸಿದಾಗ, "ಅವರನ್ನು ಯಾಕೆ ನಡೆಸಿದಿರಿ, ಕಾರಿನಲ್ಲಿ ಕರೆದುಕೊಂಡು ಹೋಗಬಹುದಿತ್ತಲ್ಲ?" ಎಂದರು. ಒಳ್ಳೆಯ ಮನುಷ್ಯರೇ, ಆದರೆ ತಮ್ಮ ಮನೆಯಿಂದ ಕೂಗಳತೆಯಲ್ಲಿರುವ ಅಂಗಡಿಗೂ ಕಾರು ತೆಗೆಯುವವರು. ಹನ್ನೊಂದು ವರ್ಷ ನಾನೂ ಅದನ್ನೇ ಮಾಡಿದ್ದೇನೆ. ಈ ರಸ್ತೆಯನ್ನು ನಾನು ನಡೆದು ದಾಟಿದ್ದು ಅಮ್ಮ ಬಂದ ಮೇಲೆಯೇ.

ಕಚೇರಿಯ ಯುವಕ ಚೀಟಿಯಲ್ಲಿ ಬರೆದುಕೊಟ್ಟಿದ್ದ ವಿಳಾಸ ಹಿಡಿದು ರಾಜ್ಯದ ಇಲಾಖೆಗೆ ಅರ್ಜಿ ಕಳುಹಿಸಿದ್ದೇನೆ. ಹೆದ್ದಾರಿಯ ಸಂಖ್ಯೆ ಎಂಬಲ್ಲಿ 82 ಎಂದು ತುಂಬುವಾಗ, ಆ ಅಂಕಿಯನ್ನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲವೆಂಬುದು ಹೊಳೆಯಿತು. ಅಮ್ಮ ಈಗ ಸಂಜೆಯ ನಡಿಗೆಯನ್ನು ರಸ್ತೆಯ ಈಚೆಗೇ ಮುಗಿಸುತ್ತಾಳೆ. ಮನೆಗೆ ಬಂದು ಚಪ್ಪಲಿ ಬಿಡುತ್ತ ದಿನವೂ ಕೇಳುತ್ತಾಳೆ: "ನಿನ್ನ ಏಳು ಸೆಕೆಂಡು ಬಂತೇನೋ?"