ಪಾದುವಾದಲ್ಲಿ ಮೊದಲು ಸಮಾಧಿ, ಆಮೇಲೆ ನಾಲಿಗೆ

ಇಟಲಿಯ ಪಾದುವಾದಲ್ಲಿ ದಾರಿ ಕೇಳುವಾಗ ಸಂತ ಅಂತೋಣಿಯವರ ಹೆಸರು ಹೇಳಬೇಕಾಗಿಲ್ಲ, ‘ಇಲ್ ಸಾಂತೊ’ ಎಂದರೆ ಸಾಕು. ಆ ಊರಿಗೆ ಸಂತ ಎಂದರೆ ಅವರೇ. ಹುಟ್ಟಿದ್ದು ಲಿಸ್ಬನ್ನಿನಲ್ಲಿ, ಪ್ರಾಣ ಬಿಟ್ಟಿದ್ದು 1231ರ ಜೂನ್ 13ರಂದು ಪಾದುವಾದ ಹೊರಗಿನ ಆರ್ಚೆಲ್ಲಾದಲ್ಲಿ. ವರ್ಷ ತುಂಬುವ ಮೊದಲೇ ಪೋಪ್ ಒಂಬತ್ತನೇ ಗ್ರೆಗೊರಿ ಅವರನ್ನು ಸಂತ ಪದವಿಗೇರಿಸಿದರು. 1232ರಲ್ಲೇ ಅವರ ಸಮಾಧಿ ಇರುವ ಬಸಿಲಿಕಾದ, ಅಂದರೆ ವಿಶೇಷ ಮಾನ್ಯತೆಯ ಚರ್ಚಿನ, ಕೆಲಸವೂ ಶುರುವಾಯಿತು.

ರೈಲು ನಿಲ್ದಾಣದಿಂದ ಟ್ರಾಮ್ ಹತ್ತಿ ‘ಸಾಂತೊ’ದಲ್ಲಿ ಇಳಿಯಬೇಕು. ಹೆಗಲು, ಮಂಡಿ ಮುಚ್ಚುವ ಬಟ್ಟೆ ಇರಲಿ. ಒಳಗೆ ಫೋಟೊ ತೆಗೆಯುವಂತಿಲ್ಲ. ವೆನಿಸ್ ನೋಡಲು ಬಂದವರು ಒಂದು ಗಂಟೆ ಬಿಡುವು ಮಾಡಿಕೊಂಡು ಇಲ್ಲಿಗೂ ಬರುತ್ತಾರೆ. ನೇರವಾಗಿ ಪ್ರಧಾನ ಬಲಿಪೀಠದ ಹಿಂದಿರುವ ಅವಶೇಷಗಳ ಪ್ರಾರ್ಥನಾಲಯಕ್ಕೆ ನಡೆದು, ಸಂತರ ನಾಲಿಗೆ ನೋಡಿ ಹೊರಟುಬಿಡುತ್ತಾರೆ. ಇಷ್ಟು ದೂರ ಬಂದು ಸಮಾಧಿ ಮುಟ್ಟದೆ ಹೋಗುವುದು ದೊಡ್ಡ ನಷ್ಟ.

ಸಮಾಧಿ ಇರುವುದು ಎಡಗಡೆಯ ಪ್ರಾರ್ಥನಾಲಯದಲ್ಲಿ. ಅಲ್ಲಿನ ಪೀಠವನ್ನು ಬಳಸಿ ಹಿಂಬದಿಗೆ ಹೋದರೆ ಹಸಿರುಗಪ್ಪು ಕಲ್ಲಿನ ಚಪ್ಪಡಿ. ಜನ ಅದಕ್ಕೆ ಅಂಗೈ ಊರಿ, ಹಣೆ ಒತ್ತಿ ನಿಲ್ಲುತ್ತಾರೆ. ಮಕ್ಕಳ ಫೋಟೊ, ಪತ್ರ ಇಟ್ಟು ಹೋಗುತ್ತಾರೆ. ಹಿಂದೆ ಸಾಲು ಕಾಯುತ್ತಿರುತ್ತದೆ, ಸಿಗುವುದು ಕೆಲವೇ ಕ್ಷಣ. ಏನು ಬೇಡಲಿ ಎಂದು ಅಲ್ಲಿ ಯೋಚಿಸುತ್ತ ನಿಂತರೆ ಸರದಿ ಮುಗಿದಿರುತ್ತದೆ. ಒಪ್ಪಿಸಬೇಕಾದ ಹೆಸರುಗಳನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸುತ್ತಲಿನ ಗೋಡೆಯಲ್ಲಿ ಒಂಬತ್ತು ಅಮೃತಶಿಲೆಯ ಉಬ್ಬುಶಿಲ್ಪಗಳಿವೆ. ಸತ್ತ ಜಿಪುಣನ ಎದೆ ಬಗೆದರೆ ಹೃದಯವೇ ಇಲ್ಲ, ಅದು ಹಣದ ಪೆಟ್ಟಿಗೆಯಲ್ಲಿ ಸಿಕ್ಕಿತು ಎಂಬ ಕಥೆಯ ಶಿಲ್ಪವನ್ನು ಹುಡುಕಿ ನೋಡಿ.

ಇಷ್ಟಾದ ಮೇಲೆ ನಾಲಿಗೆಯ ದರ್ಶನ. 1263ರಲ್ಲಿ, ಆಗ ಫ್ರಾನ್ಸಿಸ್ಕನ್ ಸಭೆಯ ಮುಖ್ಯಸ್ಥರಾಗಿದ್ದ ಸಂತ ಬೊನವೆಂತುರರ ಸಮ್ಮುಖದಲ್ಲಿ ಶವಪೆಟ್ಟಿಗೆ ತೆರೆದಾಗ ದೇಹ ಮಣ್ಣಾಗಿತ್ತು, ನಾಲಿಗೆ ಮಾತ್ರ ಹಾಗೇ ಉಳಿದಿತ್ತು. ಶುಭಸಂದೇಶ ಸಾರಿ ಸಾರಿ ದಣಿದ ನಾಲಿಗೆ ಅದು. ಅದರ ಮುಂದೆ ನಿಂತಾಗ ನಮ್ಮ ನಾಲಿಗೆ ಯಾರನ್ನು ನೋಯಿಸಿದೆ ಎಂಬುದು ನೆನಪಾಗದೆ ಇರದು. ಪಾಪನಿವೇದನೆಗೆ ಇದಕ್ಕಿಂತ ಒಳ್ಳೆಯ ಸಿದ್ಧತೆ ಇಲ್ಲ.

ಹರಕೆಯ ವಿಷಯ. ನೀರಿನಲ್ಲಿ ಮುಳುಗಿ ಸತ್ತ ತೊಮ್ಮಾಸಿನೊ ಎಂಬ ಕೂಸು ಬದುಕಿದರೆ ಅವನ ತೂಕದಷ್ಟು ಧಾನ್ಯ ಬಡವರಿಗೆ ಕೊಡುತ್ತೇನೆಂದು ತಾಯಿ ಹರಕೆ ಹೊತ್ತಳು, ಮಗು ಎದ್ದಿತು ಎಂಬುದು ಪರಂಪರೆಯ ಕಥೆ. ಬಡವರಿಗೆ ಕೊಡುವ ಸಂತ ಅಂತೋಣಿಯವರ ರೊಟ್ಟಿಯ ಹರಕೆಗೆ ಇದೇ ಬೇರು ಎನ್ನುತ್ತಾರೆ. ನಮ್ಮ ತುಲಾಭಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ತೂಗಿದ್ದು ಹೋಗಬೇಕಾದದ್ದು ಹಸಿದವರ ತಟ್ಟೆಗೆ. ಮೇಣದ ಬತ್ತಿ ಹಚ್ಚಿದ ಮಾತ್ರಕ್ಕೆ ಆ ಹರಕೆ ತೀರುವುದಿಲ್ಲ.

ಸಂತರನ್ನು ಮಣ್ಣು ಮಾಡಿದ್ದು ಮಂಗಳವಾರ, 1231ರ ಜೂನ್ 17ರಂದು. ಮೈಸೂರು ಜಿಲ್ಲೆಯ ದೋರನಹಳ್ಳಿಯ ಬಸಿಲಿಕಾದಲ್ಲಿ ಮಂಗಳವಾರ ಜನ ಸೇರುವುದಕ್ಕೂ ಮೂಲ ಇದೇ. ಪಾದುವಾಕ್ಕೆ ಹೋಗಲಾಗದವರು ಹದಿಮೂರು ಮಂಗಳವಾರಗಳ ಭಕ್ತಿ, ಅಂದರೆ ಸಾಲಾಗಿ ಹದಿಮೂರು ಮಂಗಳವಾರ ಸಂತರಿಗೆ ಪ್ರಾರ್ಥಿಸುವ ವ್ರತ, ಹಿಡಿಯಬಹುದು. ಜೂನ್ 13ರ ಹಬ್ಬದೊಳಗೆ ಅದು ಮುಗಿಯಬೇಕಾದರೆ ಮಾರ್ಚ್ 15ರಿಂದ 21ರ ನಡುವೆ ಬರುವ ಮಂಗಳವಾರವೇ ಆರಂಭಿಸಿ.