ನಲವತ್ತು ವರ್ಷ ಬಾರದ ಪರೀಕ್ಷೆ

ಅಕ್ಕನ ಮಗ ಉಡುಪಿಯ ನಮ್ಮ ಮನೆಯಲ್ಲಿ ಉಳಿದುಕೊಂಡು ಸರಕಾರಿ ನೌಕರಿಯ ಪರೀಕ್ಷೆಗೆ ಓದತೊಡಗಿ ಇದು ಮೂರನೆಯ ಮಳೆಗಾಲ. ಪರೀಕ್ಷೆ ಮತ್ತೊಮ್ಮೆ ಮುಂದೆ ಹೋದ ಸಂಜೆ, ಒದ್ದೆ ಕೊಡೆಯನ್ನು ಚಾವಡಿಯಲ್ಲಿ ಬಿಡಿಸಿಟ್ಟು, "ಓದಿದ್ದೆಲ್ಲ ಮರೆತ ಮೇಲೆ ಕರೆಯುತ್ತಾರೆ ಮಾವ" ಎಂದ. ಮಂಗೋಲರ ಕಾಲದ ಚೀನಾದ ಕುರಿತು ಓದುತ್ತಿದ್ದ ನಾನು, ನಲವತ್ತು ವರ್ಷ ಕರೆಯಿಲ್ಲದೆ ಕುಳಿತವರ ಕಥೆಯನ್ನು ಅವನಿಗೆ ಹೇಳಿದೆ.

ದಕ್ಷಿಣ ಚೀನಾವನ್ನು ಆಳುತ್ತಿದ್ದ ಸಾಂಗ್ ಅರಸರು ಅಧಿಕಾರಿಗಳನ್ನು ಆರಿಸುವ ಕೊನೆಯ ಪರೀಕ್ಷೆ ನಡೆಸಿದ್ದು 1274ರಲ್ಲಿ. ಎರಡೇ ವರ್ಷದಲ್ಲಿ ಅವರ ರಾಜಧಾನಿ ಹಾಂಗ್‌ಝೌ ಮಂಗೋಲ ದೊರೆ ಕುಬ್ಲಾಯ್ ಖಾನನ ಸೇನೆಗೆ ಶರಣಾಯಿತು. ಆಮೇಲೆ ಮಂಗೋಲರ ರಾಜಧಾನಿಯಲ್ಲಿ ಮತ್ತೆ ಪರೀಕ್ಷೆ ನಡೆದದ್ದು 1315ರಲ್ಲಿ. ಅಷ್ಟರವರೆಗೆ ವಿದ್ವಾಂಸರು ಊರ ಮಕ್ಕಳಿಗೆ ಪಾಠ ಹೇಳಿ, ವೈದ್ಯ ಮಾಡಿ, ಕಚೇರಿಯ ಗುಮಾಸ್ತರಾಗಿ ಬದುಕಿದರು.

ಮಂಗೋಲರು ಮೊದಲೇ ಗೆದ್ದಿದ್ದ ಉತ್ತರದಲ್ಲಿ ಮಾತ್ರ ಇದಕ್ಕೂ ಮುಂಚೆ ಒಂದು ವಿಚಿತ್ರ ನಡೆದಿತ್ತು. 1238ರಲ್ಲಿ, ಖಿತಾನ್ ಬುಡಕಟ್ಟಿನ ಮೂಲದ ಮಂತ್ರಿ ಯೆಲು ಚುತ್ಸಾಯ್ ಮಂಗೋಲ ದೊರೆ ಒಗೆಡೈ ಖಾನನನ್ನು ಒಪ್ಪಿಸಿ ನಡೆಸಿದ ಪರೀಕ್ಷೆಗೆ, ಯುದ್ಧದಲ್ಲಿ ಸೆರೆಸಿಕ್ಕಿ ಗುಲಾಮರಾಗಿದ್ದ ವಿದ್ವಾಂಸರೂ ಕೂರಬಹುದಿತ್ತು. ಅಂಥವರನ್ನು ಬಚ್ಚಿಟ್ಟ ಒಡೆಯನಿಗೆ ಮರಣದಂಡನೆ. ಉತ್ತೀರ್ಣರಾದ 4,030 ಮಂದಿಯಲ್ಲಿ ಕಾಲು ಭಾಗ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದರು. ಉತ್ತರಪತ್ರಿಕೆ ಬರೆದು ಸರಪಳಿ ಕಳಚಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಆ ಪರೀಕ್ಷೆ ಮುಂದುವರಿಯಲಿಲ್ಲ.

1313ರಲ್ಲಿ ಮಂಗೋಲ ಚಕ್ರವರ್ತಿ ಅಯುರ್ಬರ್ವಾದ ಪರೀಕ್ಷೆಯನ್ನು ಮತ್ತೆ ನಡೆಸಲು ಆಜ್ಞೆ ಹೊರಡಿಸಿದಾಗ ಗರಿಷ್ಠ 100 ಸ್ಥಾನಗಳನ್ನು ಮಂಗೋಲರು, ಮಧ್ಯ ಹಾಗೂ ಪಶ್ಚಿಮ ಏಷ್ಯಾದವರು, ಉತ್ತರದ ಚೀನೀಯರು, ದಕ್ಷಿಣದವರು ಎಂದು ತಲಾ 25ರಂತೆ ಹಂಚಲಾಯಿತು. ಅಂಕೆ ಸಮಾನ, ನ್ಯಾಯ ಅಲ್ಲ: ಜನಸಂಖ್ಯೆಯಲ್ಲಿ ದಕ್ಷಿಣದವರೇ ಬಹುಪಾಲು, ಮಂಗೋಲರು ಬೆರಳೆಣಿಕೆಯಷ್ಟು. ಮೇಲಾಗಿ ಮೊದಲ ಎರಡು ವರ್ಗಗಳಿಗೆ ಎರಡು ಪತ್ರಿಕೆ, ಚೀನೀಯರಿಗೆ ಮೂರು. ಮೊದಲ ಸಲ ಆಯ್ಕೆಯಾದವರು 56 ಮಂದಿ. 1335ರಲ್ಲಿ ಮಂತ್ರಿ ಬಯಾನ್ ಅದನ್ನೂ ನಿಲ್ಲಿಸಿದ. 1340ರಲ್ಲಿ ಮರಳಿ ತೆರೆಯಿತು. 1366ರ ತನಕ 16 ಸಲ ನಡೆದು ತೇರ್ಗಡೆಯಾದವರು ಒಟ್ಟು 1,139. ಸಾಂಗ್ ಕಾಲದಲ್ಲಾದರೆ ಒಂದೇ ಸಲಕ್ಕೆ ಹಲವು ನೂರು ಮಂದಿ ಆಯ್ಕೆಯಾಗುತ್ತಿದ್ದರು.

ಹುಡುಗ ಇಷ್ಟನ್ನೂ ಕೇಳಿ, "ಸಿಲೆಬಸ್ ಅದೇ ಇತ್ತಾ?" ಎಂದ. ಬಲ್ಲವನ ಪ್ರಶ್ನೆ. ಇರಲಿಲ್ಲ. ಛಂದೋಬದ್ಧ ಕವಿತೆ ರಚನೆಗಿದ್ದ ಮಹತ್ವ ಹೋಗಿ, ಕನ್ಫ್ಯೂಷಿಯಸ್ ಪರಂಪರೆಯ 'ನಾಲ್ಕು ಗ್ರಂಥ'ಗಳಿಗೆ 12ನೆಯ ಶತಮಾನದ ಝು ಶೀ ಬರೆದ ವ್ಯಾಖ್ಯಾನವೇ ಪ್ರಮಾಣವಾಯಿತು. ಚೀನೀಯ ವಿದ್ವಾಂಸರಿಗೆ ಕೆಲಸ ಕೊಡಲು ಅಷ್ಟು ಜಿಪುಣತನ ತೋರಿದ ಮಂಗೋಲರು ಗೊತ್ತುಮಾಡಿದ ಆ ಪಠ್ಯ, ಅವರನ್ನು ಓಡಿಸಿದ ಮಿಂಗ್ ಅರಸರ ಕಾಲದಲ್ಲೂ ಉಳಿದು, 1905ರಲ್ಲಿ ಪರೀಕ್ಷೆಯೇ ರದ್ದಾಗುವವರೆಗೆ ನಡೆಯಿತು.

ಅವನು ಮೇಜಿನ ಮೇಲಿದ್ದ ಗೈಡನ್ನು ತಿರುಗಿಸಿ, ಮುದ್ರಣವಾದ ವರ್ಷ ನೋಡಿದ.